ಹಳೇ ಕ್ಯಾನನ್ ಎ640 ಕ್ಯಾಮೆರಾವನ್ನು ಸ್ಪಾಟಿಂಗ್ ಸ್ಕೋಪಿಗೆ ಕೂರಿಸಿದ್ದು: ಅಳತೆ, ಖರ್ಚು, ನಿಲ್ಲದ ಜೋಡಣೆಗಳು

ದೂರದ ಹಕ್ಕಿ ನೋಡುವ ದುರ್ಬೀನಿಗೆ, ಅಂದರೆ ಸ್ಪಾಟಿಂಗ್ ಸ್ಕೋಪಿಗೆ, ಹಳೇ ಕ್ಯಾಮೆರಾ ಹಿಡಿಸಿದ ಜೋಡಣೆ ಈಗ ಗಟ್ಟಿಯಾಗಿ ಕೂತಿದೆ. ಬೆಂಗಳೂರಿನ ಜಕ್ಕೂರು ಕೆರೆಯ ದಡದಲ್ಲಿ ಟ್ರೈಪಾಡ್ ಊರಿದರೆ, ಆಚೆ ಕೆಸರಿನಲ್ಲಿ ಓಡಾಡುವ ಗೊರವ ಹಕ್ಕಿಯ ಕಣ್ಣಿನ ಮೇಲಿನ ಬಿಳಿ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಫೋಟೋದಲ್ಲಿ ಕಾಣುತ್ತಿದೆ. ನನಗೆ ಬೇಕಿದ್ದದ್ದೂ ಅದೇ. ಅಳತೆಗಳು ಮರೆತುಹೋಗುವ ಮುಂಚೆ ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತಿದ್ದೇನೆ. ನಿಮ್ಮ ಕಪಾಟಿನಲ್ಲೂ ಒಂದು ಹಳೇ ಕಾಂಪ್ಯಾಕ್ಟ್ ಕ್ಯಾಮೆರಾ ಸುಮ್ನೆ ಬಿದ್ದಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸ್ಕೋಪಿನ ಪವರ್ ಎಷ್ಟು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವುದಕ್ಕಿಂತ, ಕ್ಯಾಮೆರಾದ ಭಾರ ಎಲ್ಲಿ ಕೂರುತ್ತದೆ ಅನ್ನುವುದೇ ಈ ಕೆಲಸದಲ್ಲಿ ಮುಖ್ಯ. ಐಪೀಸಿಗೆ (ಸ್ಕೋಪಿನಲ್ಲಿ ಕಣ್ಣಿಡುವ ತುದಿಗೆ) ಕ್ಯಾಮೆರಾ ನೇತುಹಾಕಿ ಮಾಡಿದ ಯಾವ ಜೋಡಣೆಯೂ ನನ್ನ ಬಳಿ ನಿಲ್ಲಲಿಲ್ಲ. ಭಾರವನ್ನು ಸ್ಕೋಪಿನ ಕೆಳಗೆ ಹಾಕಿದ ಅಲ್ಯೂಮಿನಿಯಂ ಪಟ್ಟಿಗೆ ಇಳಿಸಿದ ದಿನವೇ ಅರ್ಧ ಕೆಲಸ ಮುಗಿಯಿತು.

1. ಕೈಯಲ್ಲಿ ಇದ್ದದ್ದು

ಸ್ಕೋಪ್ 15-45×60, ನೇರ ನೋಟದ್ದು. ಮುಂದಿನ ಗಾಜು 60 ಮಿ.ಮೀ. ಐಪೀಸ್ ತಿರುಗಿಸಿದರೆ 15 ಪಟ್ಟಿನಿಂದ 45 ಪಟ್ಟಿನವರೆಗೆ ಹೋಗುತ್ತದೆ. 45 ಡಿಗ್ರಿ ಬಾಗಿದ ಸ್ಕೋಪ್ ಇರುವವರು ಪಟ್ಟಿಯ ಭಾಗವನ್ನು ಬೇರೆ ಥರ ಯೋಚಿಸಬೇಕು. ಅಲ್ಲಿ ಪಟ್ಟಿಯೂ ಬಾಗಬೇಕಾಗುತ್ತದೆ.

ಕ್ಯಾಮೆರಾ ಕ್ಯಾನನ್ ಪವರ್‌ಶಾಟ್ ಎ640. 2006ರ ಮಾಡೆಲ್, 10 ಮೆಗಾಪಿಕ್ಸೆಲ್. ಜೂಮ್ 4 ಪಟ್ಟು, ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 35ರಿಂದ 140 ಮಿ.ಮೀ. ಸೆಕೆಂಡ್ ಹ್ಯಾಂಡಲ್ಲಿ 1,800 ರೂಪಾಯಿಗೆ ಸಿಕ್ಕಿತು. ಇದನ್ನೇ ಹುಡುಕಿ ತೆಗೆದುಕೊಂಡದ್ದಕ್ಕೆ ಕಾರಣ ಇದೆ. ಲೆನ್ಸಿನ ಸುತ್ತ ಇರುವ ರಿಂಗ್ ಒಂದು ಗುಂಡಿ ಒತ್ತಿದರೆ ಕಳಚಿ ಬರುತ್ತದೆ. ಅದರ ಜಾಗಕ್ಕೆ ಅಡಾಪ್ಟರ್ ಟ್ಯೂಬ್ ತಿರುಗಿಸಿ ಹಾಕಬಹುದು. ಕ್ಯಾನನ್‌ನ ಸ್ವಂತ ಟ್ಯೂಬಿನ ಹೆಸರು ಎಲ್ಎ-ಡಿಸಿ58ಎಫ್. ಅದೇ ಅಳತೆಯ ಲೋಹದ ಟ್ಯೂಬ್ ನನಗೆ 450 ರೂಪಾಯಿಗೆ ಸಿಕ್ಕಿತು. ಪರದೆ ಹೊರಗೆ ತಿರುಗುತ್ತದೆ, ಬಗ್ಗದೆ ನೋಡಬಹುದು. ಫೋಕಸ್ ಮತ್ತು ಅಪರ್ಚರ್ (ಬೆಳಕು ಒಳಬರುವ ಕಿಂಡಿ) ನಾವೇ ಇಡಬಹುದು. ಮಾಮೂಲಿ ಎಎ ಸೆಲ್ 4 ಹಾಕಿದರೆ ನಡೆಯುತ್ತದೆ. ಕೆರೆ ದಡದಲ್ಲಿ ಚಾರ್ಜ್ ಮುಗಿದರೆ ಎದುರಿನ ಅಂಗಡಿಯಲ್ಲೇ ಸೆಲ್ ಸಿಗುತ್ತದೆ, ಅಲ್ವಾ?

ಸ್ಕೋಪಿನ ಮೂಲಕ ಡಿಜಿಟಲ್ ಫೋಟೋ ತೆಗೆಯುವ ಡಿಜಿಸ್ಕೋಪಿಂಗ್ ಶುರುವಾದ ಕಾಲದಲ್ಲಿ, ಲೆನ್ಸಿಗೆ ತಗಲದಂತೆ ಟ್ಯೂಬ್ ಹಾಕುವ ಈ ತಲೆನೋವೇ ಇರಲಿಲ್ಲ. 1999ರ ಸುಮಾರಿಗೆ ಮಲೇಷ್ಯಾದ ಪಕ್ಷಿವೀಕ್ಷಕ ಲಾರೆನ್ಸ್ ಪೋ ನಿಕಾನ್ ಕೂಲ್‌ಪಿಕ್ಸ್ 950 ಕ್ಯಾಮೆರಾವನ್ನು ಸ್ಕೋಪಿಗೆ ಹಿಡಿದು ತೆಗೆದ ಚಿತ್ರಗಳಿಂದ ಈ ವಿಧಾನ ಜನಕ್ಕೆ ಗೊತ್ತಾಯಿತು. ಆ ಕೂಲ್‌ಪಿಕ್ಸ್ ಸಾಲಿನಲ್ಲಿ ಲೆನ್ಸ್ ಹೊರಗೆ ಬರುತ್ತಲೇ ಇರಲಿಲ್ಲ. ಜೂಮ್ ಎಲ್ಲ ಒಳಗೇ. ಮೂತಿಯಲ್ಲಿ 28 ಮಿ.ಮೀ. ಮರೆ (ಸ್ಕ್ರೂ ಥ್ರೆಡ್) ಬೇರೆ ಇತ್ತು, ಅಡಾಪ್ಟರ್ ನೇರವಾಗಿ ತಿರುಗಿಸಿದರೆ ಸಾಕಿತ್ತು. ಆಮೇಲೆ ಬಂದ ಕಾಂಪ್ಯಾಕ್ಟ್‌ಗಳಲ್ಲಿ ಬಹುಪಾಲು ಆನ್ ಮಾಡಿದ ಕೂಡಲೇ ಲೆನ್ಸ್ ಮುಂದಕ್ಕೆ ಚಾಚುತ್ತವೆ. ಚಾಚುವ ಲೆನ್ಸ್‌ಗೆ ಯಾವ ಭಾರವನ್ನೂ ಕಟ್ಟಬಾರದು. ಅದರ ಎದುರು ಏನೂ ತಗಲಬಾರದು.

ಮೊಬೈಲ್ ಸಾಕಲ್ಲವಾ ಅಂತ ಸ್ನೇಹಿತರು ಕೇಳಿದರು. ಮೊಬೈಲ್ ಕ್ಲಿಪ್‌ನಲ್ಲೂ ಚೆನ್ನಾಗಿ ಬರುತ್ತದೆ. ಆದರೆ ನನಗೆ ಬೆರಳಿಗೆ ಸಿಗುವ ಬಟನ್ ಬೇಕಿತ್ತು, ತಂತಿ ಹಾಕಿ ದೂರದಿಂದ ಕ್ಲಿಕ್ ಮಾಡುವುದು ಬೇಕಿತ್ತು. ಫೋನ್ ಕಾಲ್ ಬಂದಾಗ ಕ್ಯಾಮೆರಾ ನಿಲ್ಲಬಾರದಿತ್ತು.

2. ಏನನ್ನೂ ಕೊಯ್ಯುವ ಮುಂಚೆ ಅಳತೆ

ಮತ್ತಿಕೆರೆಯ ನಮ್ಮ ಮನೆ ತಾರಸಿಯಲ್ಲಿ ಸ್ಕೋಪ್ ನಿಲ್ಲಿಸಿ, ಎದುರು ಬಿಲ್ಡಿಂಗಿನ ಬಿಳಿ ಗೋಡೆಗೆ ತಿರುಗಿಸಿದೆ. ಐಪೀಸ್ 15ರಲ್ಲಿ. ಕ್ಯಾಮೆರಾವನ್ನು ಕೈಯಲ್ಲೇ ಹಿಂದೆ ಹಿಡಿದೆ. ಪರದೆಯ ಕಪ್ಪಿನ ನಡುವೆ ಒಂದು ಬಿಳಿ ವೃತ್ತ ಕಾಣುತ್ತದೆ. ಆ ವೃತ್ತವನ್ನು ನೋಡುತ್ತಲೇ ಇಡೀ ಕೆಲಸ ಮಾಡಬೇಕು.

ಕ್ಯಾಮೆರಾ ಹಿಂದೆ ಸರಿದರೆ ವೃತ್ತ ಚಿಕ್ಕದಾಗಿ ಅಂಚು ಮಸುಕಾಗುತ್ತದೆ. ತೀರಾ ಮುಂದೆ ಹೋದರೆ ವೃತ್ತದೊಳಗೆ ಕಪ್ಪು ನೆರಳು ಓಡಾಡುತ್ತದೆ. ನಡುವೆ ಒಂದು ಕಡೆ ವೃತ್ತ ದೊಡ್ಡದಾಗಿ, ಅಂಚು ಚೂಪಾಗಿ ನಿಲ್ಲುತ್ತದೆ. ಆ ದೂರವನ್ನು ಹಿಡಿಯಬೇಕು. ಕೈ ನಡುಗುತ್ತದೆ, ಸ್ಕೇಲ್ ಇಟ್ಟು ಅಳೆಯಲು ಆಗುವುದಿಲ್ಲ. ಅದಕ್ಕೆ ದಪ್ಪ ರಟ್ಟಿನಲ್ಲಿ ಉಂಗುರಗಳನ್ನು ಕತ್ತರಿಸಿ ಐಪೀಸಿನ ಅಂಚಿನ ಮೇಲೆ ಒಂದರ ಮೇಲೊಂದು ಪೇರಿಸುತ್ತಾ ಹೋದೆ. ಉಂಗುರಗಳ ಮೇಲೆ ಅಡಾಪ್ಟರ್ ಟ್ಯೂಬ್ ಒರಗಿಸಿದರೆ ದೂರ ಅಲ್ಲಾಡುವುದಿಲ್ಲ. ವೃತ್ತ ಸರಿಯಾಗಿ ಕಂಡಾಗ ಉಂಗುರಗಳನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಲೆಕ್ಕ ಹಾಕಿದೆ. ನನ್ನ ಸ್ಕೋಪಿಗೆ ಐಪೀಸಿನ ಗಾಜಿನಿಂದ ಕ್ಯಾಮೆರಾ ಲೆನ್ಸಿನ ಗಾಜಿಗೆ 5 ಮಿ.ಮೀ. ಬಂತು. ನಿಮ್ಮದಕ್ಕೆ ಬೇರೆ ಬರುತ್ತದೆ, ಈ ಸಂಖ್ಯೆಯನ್ನು ಹಾಗೇ ಎತ್ತಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಈ 5 ಮಿ.ಮೀ. ಅನ್ನು ಲೆನ್ಸ್ ಅತಿ ಹೆಚ್ಚು ಹೊರಗೆ ಬಂದಿರುವ ಸ್ಥಿತಿಯಲ್ಲಿ ಅಳೆಯಬೇಕು. ಆನ್ ಆಗುವಾಗ ಮತ್ತು ಜೂಮ್ ಮಾಡುವಾಗ ಮೂತಿ ಹಿಂದೆ ಮುಂದೆ ಸರಿಯುತ್ತದೆ. ಆ ದಾರಿಯಲ್ಲಿ ಏನಾದರೂ ಅಡ್ಡ ಬಂದರೆ ಹಳೇ ಪವರ್‌ಶಾಟ್‌ಗಳು ಪರದೆಯಲ್ಲಿ ಇ18 ಎಂದು ತೋರಿಸಿ ನಿಂತುಬಿಡುತ್ತವೆ. ಒಳಗಿನ ಪುಟ್ಟ ಗೇರ್ ಹಾಳಾದರೆ ರಿಪೇರಿಗೆ ಕ್ಯಾಮೆರಾದ ಬೆಲೆಗಿಂತ ಜಾಸ್ತಿ ಆಗುತ್ತದೆ.

ಆಮೇಲೆ ಜೂಮ್. ಕ್ಯಾಮೆರಾ ಜೂಮ್ ಏರಿಸುತ್ತಾ ಹೋದಂತೆ ವೃತ್ತ ದೊಡ್ಡದಾಗಿ, ಕಪ್ಪು ಮೂಲೆಗಳು ಒಂದು ಹಂತದಲ್ಲಿ ಪರದೆಯಿಂದ ಹೊರಗೆ ಹೋಗುತ್ತವೆ. ನನ್ನದರಲ್ಲಿ ಅರ್ಧ ಜೂಮ್ ಆಸುಪಾಸು. ಫೋಟೋದ ಮಾಹಿತಿಯಲ್ಲಿ ಫೋಕಲ್ ಲೆಂತ್ ಸುಮಾರು 16 ಮಿ.ಮೀ. ಎಂದು ಬರುತ್ತದೆ, ಫಿಲ್ಮ್ ಲೆಕ್ಕದಲ್ಲಿ ಹತ್ತಿರ ಹತ್ತಿರ 75. ಅದನ್ನು 15ರಿಂದ ಗುಣಿಸಿದರೆ 1,100 ಮಿ.ಮೀ. ಲೆನ್ಸಿನಷ್ಟು ಹತ್ತಿರ. ಪೂರ್ತಿ ಜೂಮ್‌ನಲ್ಲಿ 140 ಗುಣಿಸು 15, ಅಂದರೆ 2,100.

ಐಪೀಸನ್ನೂ 45ಕ್ಕೆ ಏರಿಸಿದರೆ ಕಾಗದದ ಮೇಲೆ 6,300 ಬರುತ್ತದೆ. ಆದರೆ ಬೆಳಕು 9 ಪಟ್ಟು ಕಮ್ಮಿಯಾಗುತ್ತದೆ, ನಡುಕ 3 ಪಟ್ಟು ಜಾಸ್ತಿ. ಒಂದು ಫೋಟೋವೂ ಉಪಯೋಗಕ್ಕೆ ಬರಲಿಲ್ಲ. ಐಪೀಸನ್ನು 15ರಲ್ಲೇ ಬಿಡಿ. ಹೆಚ್ಚು ಬೇಕಾದರೆ ಕ್ಯಾಮೆರಾದ ಜೂಮ್ ಏರಿಸಿ.

3. ಪಿವಿಸಿ ಪೈಪ್, ನಿಲ್ಲಲಿಲ್ಲ

ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವ ದಾರಿ. 63 ಮಿ.ಮೀ. ಪಿವಿಸಿ ಪೈಪಿನ 70 ಮಿ.ಮೀ. ತುಂಡು. ಒಂದು ತುದಿಗೆ ಗಾಜು ತೆಗೆದ ಹಳೇ 58 ಮಿ.ಮೀ. ಯುವಿ ಫಿಲ್ಟರ್‌ನ ರಿಂಗ್ ಅನ್ನು ಅರಾಲ್ಡೈಟ್ ಹಾಕಿ ಅಂಟಿಸಿದೆ. ಅದು ಕ್ಯಾಮೆರಾ ಟ್ಯೂಬಿನ ಮರೆಗೆ ಸರಿಯಾಗಿ ಹಿಡಿಯುತ್ತದೆ. ಇನ್ನೊಂದು ತುದಿಯ ಒಳಗೆ ಫೋಮ್ ಶೀಟ್ ಸುತ್ತಿ ಐಪೀಸಿನ ಮೇಲೆ ಬಿಗಿಯಾಗಿ ತೂರಿಸಿದೆ.

ಮೇಜಿನ ಮೇಲೆ ನೋಡಲು ಚೆನ್ನಾಗಿಯೇ ಇತ್ತು. ಟ್ರೈಪಾಡ್ ಮೇಲೆ ಹಾಕಿದ ಕೂಡಲೇ ಕ್ಯಾಮೆರಾ ಬಾಲದಂತೆ ಕೆಳಗೆ ಜಗ್ಗಿತು. ಸೆಲ್, ಟ್ಯೂಬ್ ಎಲ್ಲ ಸೇರಿ ಕ್ಯಾಮೆರಾ 400 ಗ್ರಾಂ ಹತ್ತಿರ ಬರುತ್ತದೆ. ಅಷ್ಟೂ ಭಾರ ಫೋಮ್ ಮೇಲೆ. ಫೋಮ್ ಕೆಳಗಡೆ ಅಮುಕಿಕೊಂಡು ಹಿಂದಿನ ತುದಿ 3 ಮಿ.ಮೀ. ಇಳಿಯಿತು. ಪರದೆಯಲ್ಲಿ ಒಂದು ಅಂಚಿಗೆ ಕಪ್ಪು ಕಮಾನು ಬಂತು, ಎಷ್ಟು ಜೂಮ್ ಮಾಡಿದರೂ ಹೋಗಲಿಲ್ಲ. ಫೋಮ್ ಬದಲು ಹಳೇ ಸೈಕಲ್ ಟ್ಯೂಬ್ ಸುತ್ತಿದೆ. ಜಗ್ಗುವುದು ಕಮ್ಮಿಯಾಯಿತು, ಹೊಸ ತೊಂದರೆ ಶುರುವಾಯಿತು. ನನ್ನ ಸ್ಕೋಪಿನಲ್ಲಿ ಕಣ್ಣಿಡುವ ರಬ್ಬರ್ ಕಪ್ ಮತ್ತು ಪವರ್ ಬದಲಿಸುವ ರಿಂಗ್ ಒಟ್ಟಿಗೆ ತಿರುಗುತ್ತವೆ. ಅಲ್ಲಿ ಬಿಗಿಯಾಗಿ ಹಿಡಿದರೆ ಕ್ಯಾಮೆರಾದ ಭಾರಕ್ಕೆ ರಿಂಗ್ ತಾನೇ ತಿರುಗುತ್ತದೆ. 15ರಲ್ಲಿ ಇಟ್ಟದ್ದು ಎರಡು ಫೋಟೋ ಆಗುವಷ್ಟರಲ್ಲಿ 19 ಆಗಿರುತ್ತಿತ್ತು, ಕ್ಯಾಮೆರಾ ಓರೆಯಾಗಿರುತ್ತಿತ್ತು.

ಒಂದು ಸಂಜೆ ಅರಾಲ್ಡೈಟ್ ಕೂಡ ಬಿಟ್ಟುಕೊಂಡಿತು. ಕ್ಯಾಮೆರಾ ಕುತ್ತಿಗೆ ಪಟ್ಟಿಯಲ್ಲಿ ನೇತಾಡಿದ್ದರಿಂದ ಉಳಿಯಿತು. ಪಿವಿಸಿ ಮೇಲೆ ನುಣುಪಾಗಿರುವ ಕಡೆ ಅರಾಲ್ಡೈಟ್ ಹಿಡಿಯಬೇಕಾದರೆ ಎಮರಿ ಪೇಪರ್ ಹಾಕಿ ಒರಟು ಮಾಡಬೇಕು. ಒರಟು ಮಾಡಿದ್ದರೂ ಈ ವಿನ್ಯಾಸ ನಿಲ್ಲುತ್ತಿರಲಿಲ್ಲ. ಭಾರ ತಪ್ಪಾದ ಜಾಗದಲ್ಲಿತ್ತು. ಪೈಪ್, ಅಂಟು, ಫೋಮ್ ಸೇರಿ 140 ರೂಪಾಯಿ ಹೋಯಿತು.

4. ಪಟ್ಟಿ

ಹೊಸ ಯೋಜನೆ ಹೀಗೆ: ಕೆಳಗೆ ಒಂದು ಉದ್ದ ಅಲ್ಯೂಮಿನಿಯಂ ಪಟ್ಟಿ. ಮುಂದೆ ಸ್ಕೋಪಿನ ಪಾದ ಅದಕ್ಕೆ ಬೋಲ್ಟ್. ಹಿಂದೆ ಕ್ಯಾಮೆರಾ ಅದಕ್ಕೆ ಬೋಲ್ಟ್. ಟ್ರೈಪಾಡ್ ಹಿಡಿಯುವುದು ಪಟ್ಟಿಯನ್ನು. ಐಪೀಸ್ ಮತ್ತು ಕ್ಯಾಮೆರಾ ನಡುವೆ ಇರುವ ಟ್ಯೂಬ್ ಬರೀ ಬೆಳಕು ತಡೆಯಲು ಮತ್ತು ನಡುಮಧ್ಯಕ್ಕೆ ಕೂರಿಸಲು. ಅದರ ಮೇಲೆ ಒಂದು ಗ್ರಾಂ ಭಾರವೂ ಬೀಳಬಾರದು.

ಮನೆಯಲ್ಲಿದ್ದ 25×3 ಮಿ.ಮೀ. ಪಟ್ಟಿಯಲ್ಲಿ ಮೊದಲು ಮಾಡಿ ನೋಡಿದೆ. ಕ್ಯಾಮೆರಾ ಬಟನ್ ಒತ್ತಿದರೆ ಪಟ್ಟಿ ಬಾಗಿ ಮತ್ತೆ ಮೇಲೇಳುವುದು ಕಣ್ಣಿಗೇ ಕಾಣುತ್ತಿತ್ತು. ಹಾರ್ಡ್‌ವೇರ್ ಅಂಗಡಿಗಳಿರುವ ಎಸ್.ಜೆ.ಪಿ. ರೋಡಿಗೆ ಹೋಗಿ 40×10 ಮಿ.ಮೀ. ಪಟ್ಟಿ, 350 ಮಿ.ಮೀ. ಉದ್ದದ್ದು ಕತ್ತರಿಸಿಕೊಂಡು ಬಂದೆ. 180 ರೂಪಾಯಿ. ತೂಕ 380 ಗ್ರಾಂ. ಹೊತ್ತುಕೊಂಡು ನಡೆಯುವಾಗ ಈ ತೂಕ ಗೊತ್ತಾಗುತ್ತದೆ, ಆದರೂ 10 ಮಿ.ಮೀ. ದಪ್ಪವೇ ಇರಲಿ. ಮೇಲೆ ಬೆರಳು ತಟ್ಟಿದರೆ ಪರದೆಯಲ್ಲಿ ಚಿತ್ರ ಕ್ಷಣದಲ್ಲಿ ನಿಲ್ಲುತ್ತದೆ. 3 ಮಿ.ಮೀ. ಪಟ್ಟಿಯಲ್ಲಿ ಅದು ಜೋಕಾಲಿ ಆಡುತ್ತಲೇ ಇತ್ತು.

ಎತ್ತರದ ಲೆಕ್ಕ ಸರಿ ಬರಬೇಕು. ಸ್ಕೋಪಿನ ಪಾದದಿಂದ ಅದರ ನಡುಗೆರೆಗೆ 62 ಮಿ.ಮೀ. ಕ್ಯಾಮೆರಾದ ತಳದಿಂದ ಲೆನ್ಸಿನ ನಡುವಿಗೆ ನಾನು ಅಳೆದದ್ದು 34. ವ್ಯತ್ಯಾಸ 28. ಅದನ್ನು ತುಂಬಲು 25×25 ಅಲ್ಯೂಮಿನಿಯಂ ಚೌಕ ಸೆಕ್ಷನ್ನಿನ ಒಂದು ತುಂಡು, 60 ಮಿ.ಮೀ. ಉದ್ದ. ಉಳಿದ 3 ಮಿ.ಮೀ.ಗೆ ಸನ್‌ಮೈಕಾ ಚೂರುಗಳು. ಸನ್‌ಮೈಕಾ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ಶೀಟ್ 1 ಮಿ.ಮೀ., ಅಮುಕುವುದಿಲ್ಲ, ಮಳೆಗಾಲದಲ್ಲಿ ಉಬ್ಬುವುದಿಲ್ಲ. ಬಡಗಿಗಳ ಹತ್ತಿರ ಚೂರು ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಇನ್ನೂ ಸೂಕ್ಷ್ಮ ಬೇಕಾದರೆ ಹಳೇ ಬಸ್ ಪಾಸಿನ ಪ್ಲಾಸ್ಟಿಕ್ ಹಾಕಬಹುದು.

ಪಟ್ಟಿಯಲ್ಲಿ ಕ್ಯಾಮೆರಾ ಕೂರುವ ಕಡೆ ಉದ್ದಕ್ಕೆ 40 ಮಿ.ಮೀ. ಸ್ಲಾಟ್, 7 ಮಿ.ಮೀ. ಅಗಲ. ಕ್ಯಾಮೆರಾವನ್ನು ಮುಂದೆ ಹಿಂದೆ ಸರಿಸಲು. ಚೌಕ ಸೆಕ್ಷನ್ನಿನಲ್ಲಿ ಅಡ್ಡಕ್ಕೆ 15 ಮಿ.ಮೀ. ಸ್ಲಾಟ್. ಬಹಳಷ್ಟು ಕಾಂಪ್ಯಾಕ್ಟ್‌ಗಳಲ್ಲಿ ತಳದ ಸ್ಕ್ರೂ ತೂತು ಲೆನ್ಸಿನ ನೇರ ಕೆಳಗೆ ಇರುವುದಿಲ್ಲ, ಪಕ್ಕಕ್ಕೆ ಇರುತ್ತದೆ. ಈ ಅಡ್ಡ ಸ್ಲಾಟ್ ಇಲ್ಲದಿದ್ದರೆ ಮುಂದೆ ಏನೂ ಸೇರುವುದಿಲ್ಲ. ಡ್ರಿಲ್‌ನಲ್ಲಿ ಸಾಲಾಗಿ ತೂತು ಹೊಡೆದು ಅರದಲ್ಲಿ ಉಜ್ಜಿಯೂ ಸ್ಲಾಟ್ ಮಾಡಬಹುದು. 10 ಮಿ.ಮೀ. ದಪ್ಪದಲ್ಲಿ ಅದು ಕೈ ನೋವಿನ ಕೆಲಸ. ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಾಡಿಸಿದೆ. ಸ್ಲಾಟ್, ತೂತು ಎಲ್ಲ ಸೇರಿ 300 ರೂಪಾಯಿ.

ಟ್ರೈಪಾಡ್ ತೂತು ಎಲ್ಲಿ ಹಾಕುವುದು? ಸ್ಕೋಪ್, ಕ್ಯಾಮೆರಾ ಎರಡನ್ನೂ ಪಟ್ಟಿಗೆ ಬಿಗಿದು, ಪಟ್ಟಿಯನ್ನು ಒಂದು ದುಂಡು ಪೆನ್ಸಿಲ್ ಮೇಲೆ ಇಟ್ಟು ಸರಿಸುತ್ತಾ ಹೋಗಿ. ಎರಡೂ ಕಡೆ ವಾಲದೆ ನಿಂತ ಜಾಗಕ್ಕೆ ಗುರುತು ಹಾಕಿ. ಆ ತೂತಿಗೆ ಮರೆ ಕೊರೆಸಿದರೆ ಟ್ರೈಪಾಡ್ ತಲೆ ಸಡಿಲ ಬಿಟ್ಟರೂ ಸ್ಕೋಪ್ ಮುಗ್ಗರಿಸುವುದಿಲ್ಲ. ದುಬಾರಿ ಟ್ರೈಪಾಡ್ ಇಲ್ಲದವರಿಗೆ ಇದು ದೊಡ್ಡ ಉಪಕಾರ.

ಬೋಲ್ಟ್ ಬಗ್ಗೆ. ಕ್ಯಾಮೆರಾ, ಟ್ರೈಪಾಡ್ ಎಲ್ಲದರದ್ದೂ ಕಾಲು ಇಂಚು, ಇಂಚಿಗೆ 20 ಮರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚು ಬೋಲ್ಟ್ ಅಂದರೆ ಸಾಮಾನ್ಯವಾಗಿ ಕೊಡುವ ವಿಟ್‌ವರ್ತ್ ಬೋಲ್ಟಿಗೂ ಇಂಚಿಗೆ 20 ಮರೆಯೇ. ಹಲ್ಲಿನ ಕೋನ ತುಸು ಬೇರೆ, ಆದರೂ ಸಲೀಸಾಗಿ ಕೂರುತ್ತದೆ. 6 ಮಿ.ಮೀ. ಬೋಲ್ಟ್ ಹಾಕಲು ಹೋಗಬೇಡಿ. ಮೊದಲ ಸುತ್ತು ಹಿಡಿದಂತೆ ಮಾಡಿ ಕ್ಯಾಮೆರಾದ ಮರೆ ಕಿತ್ತುಬಿಡುತ್ತದೆ. ಉದ್ದ ಇನ್ನೂ ಮುಖ್ಯ. ಕ್ಯಾಮೆರಾ ಒಳಗೆ ನಾಲ್ಕೂವರೆ ಮಿ.ಮೀ.ಗಿಂತ ಹೆಚ್ಚು ಹೋಗದಂತೆ ಇಟ್ಟೆ. ಪಟ್ಟಿ 10, ಸೆಕ್ಷನ್ 25, ಸನ್‌ಮೈಕಾ 3, ವಾಷರ್ 1.5, ಒಳಗೆ 4.5, ಒಟ್ಟು 44. ಎರಡು ಇಂಚಿನ ಬೋಲ್ಟನ್ನು ಹ್ಯಾಕ್ಸಾದಲ್ಲಿ ಕತ್ತರಿಸಿದೆ. ಕತ್ತರಿಸುವ ಮುಂಚೆ ಒಂದು ನಟ್ ಹಾಕಿಕೊಳ್ಳಿ. ಆಮೇಲೆ ನಟ್ ಬಿಚ್ಚುವಾಗ ತುದಿಯ ಮರೆ ತಾನೇ ಶುದ್ಧವಾಗುತ್ತದೆ. ಸನ್‌ಮೈಕಾ ತೆಗೆದರೆ ಬೋಲ್ಟ್ ಅಷ್ಟು ಉದ್ದವಾಗಿ ಒಳಗೆ ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ. ಎಷ್ಟು ತೆಗೆದಿರೋ ಅಷ್ಟು ವಾಷರ್ ಕೆಳಗೆ ಸೇರಿಸಿ.

5. ಲೇತ್‌ನಲ್ಲಿ ನೈಲಾನ್ ರಿಂಗ್

ಟ್ಯೂಬಿನ ಒಳ ಅಳತೆ 54.2 ಮಿ.ಮೀ. ರಬ್ಬರ್ ಕಪ್ ಮಡಚಿದ ಮೇಲೆ ಐಪೀಸಿನ ತುದಿ 44.6. ನಡುವಿನ ಜಾಗ ತುಂಬಲು ಒಂದು ರಿಂಗ್ ಬೇಕು. ಅದು ಟ್ಯೂಬಿನಲ್ಲಿ ಬಿಗಿಯಾಗಿ ಕೂರಬೇಕು, ಐಪೀಸ್ ಅದರೊಳಗೆ ಸಲೀಸಾಗಿ ತಿರುಗಬೇಕು. 60 ಮಿ.ಮೀ. ನೈಲಾನ್ ರಾಡಿನ ತುಂಡು 90 ರೂಪಾಯಿಗೆ ಸಿಕ್ಕಿತು.

ಕಾಗದದ ಮೇಲೆ ನಾನು ಬರೆದುಕೊಂಡು ಹೋಗಿದ್ದು ಬರೀ ಒಂದು ಉಂಗುರ: ಹೊರಗೆ 54, ಒಳಗೆ 46, ಉದ್ದ 12. ಲೇತ್ ಮೇಸ್ತ್ರಿ ಚಿತ್ರ ನೋಡಿದರು, ಟ್ಯೂಬ್ ಕೈಗೆ ತೆಗೆದುಕೊಂಡು ಒಳಗೆ ಬೆರಳು ಹಾಕಿದರು.

"ಮೇಡಂ, ಇದು ಒಳಗೆ ಜಾರಿ ಹೋದ್ರೆ ಏನ್ಮಾಡ್ತೀರಾ? ಎದುರಿಗೆ ಗಾಜಿದೆ."

"ಬಿಗಿಯಾಗಿ ಕೂರತ್ತೆ ಅಲ್ವಾ?"

"ಇವತ್ತು ಕೂರತ್ತೆ. ನೈಲಾನು, ನಾಳೆ ಹೆಂಗಿರತ್ತೋ. ಈ ಕಡೆ ಒಂದು ಕಾಲರ್ ಬಿಡ್ತೀನಿ, ಮೂರು ಮಿಲ್ಲಿ. ಎಷ್ಟು ಒತ್ತಿದ್ರೂ ಅಲ್ಲೇ ನಿಲ್ಲತ್ತೆ."

ಆ ಕಾಲರ್ ಇಡೀ ಜೋಡಣೆಯ ಅತ್ಯಂತ ಬೆಲೆಬಾಳುವ 3 ಮಿ.ಮೀ. ರಿಂಗ್ ಒಳಗೆ ಜಾರದಂತೆ ತಡೆಯುವುದಷ್ಟೇ ಅಲ್ಲ. ಐಪೀಸಿನ ಪವರ್ ರಿಂಗ್ 51 ಮಿ.ಮೀ. ಅಗಲ ಇದೆ, ಅದು ಕಾಲರ್‌ಗೆ ಬಂದು ತಾಗಿ ನಿಲ್ಲುತ್ತದೆ. ಅಂದರೆ ಕ್ಯಾಮೆರಾವನ್ನು ಎಷ್ಟೇ ಮುಂದೆ ತಳ್ಳಿದರೂ ಗಾಜಿಗೆ ಗಾಜು ತಗಲುವುದಿಲ್ಲ. ಆ ಅಳತೆ ನೋಡಿಕೊಂಡು ಉದ್ದವನ್ನು ಅಲ್ಲೇ ತಿದ್ದಿದೆವು. ಕಾಲರ್ ತಾಗಿದಾಗ ಗಾಜಿನ ನಡುವೆ 4 ಮಿ.ಮೀ. ಉಳಿಯಬೇಕು. ಪಟ್ಟಿಯ ಸ್ಲಾಟ್‌ನಲ್ಲಿ 1 ಮಿ.ಮೀ. ಹಿಂದೆ ಎಳೆದು ಬಿಗಿದರೆ ಬೇಕಾದ 5 ಬರುತ್ತದೆ.

ನೈಲಾನ್ ಕೊರೆಯುವುದು ನೋಡಬೇಕು. ಕಬ್ಬಿಣದ ಹಾಗೆ ಪುಡಿ ಉದುರುವುದಿಲ್ಲ. ಬಿಳಿ ಎಳೆ ನೂಲಿನ ಹಾಗೆ ಉದ್ದಕ್ಕೆ ಬಂದು, ರಾಡ್ ಹಿಡಿದು ತಿರುಗಿಸುವ ಚಕ್‌ಗೆ ಸುತ್ತಿಕೊಳ್ಳುತ್ತದೆ. ಮೇಸ್ತ್ರಿ ಆಗಾಗ ನಿಲ್ಲಿಸಿ ಬಿಡಿಸುತ್ತಿದ್ದರು. ಕೊರೆದ ಕೂಡಲೇ ವರ್ನಿಯರ್ ಇಟ್ಟಾಗ 54.0 ತೋರಿಸಿತು. ರಿಂಗ್ ಇನ್ನೂ ಬೆಚ್ಚಗಿತ್ತು. ಟೀ ಕುಡಿದು ಬಂದು ಅಳೆದರೆ 53.8. ನೈಲಾನ್ ಬಿಸಿಗೆ ಹಿಗ್ಗುತ್ತದೆ, ಆರಿದ ಮೇಲೆ ಕುಗ್ಗುತ್ತದೆ. ಟ್ಯೂಬಿನಲ್ಲಿ ಸ್ವಲ್ಪ ಸಡಿಲವಾಯಿತು. ಸುತ್ತ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿದೆ, ಸರಿಯಾಗಿ ಕೂತಿತು. ಇನ್ನೊಮ್ಮೆ ಮಾಡಿಸುವುದಾದರೆ ಆರಿದ ಮೇಲೆ ಕೊನೆಯ ಕಟಿಂಗ್ ಮಾಡಿ ಎಂದು ಹೇಳುತ್ತೇನೆ. ಮಜೂರಿ 250.

ಒಳಗಡೆ ತೆಳು ಕಪ್ಪು ವೆಲ್ವೆಟ್ ಅಂಟಿಸಿದೆ. ಐಪೀಸ್ ತಿರುಗುವಾಗ ಗೀರು ಬೀಳುವುದಿಲ್ಲ, ಬೆಳಕೂ ನುಗ್ಗುವುದಿಲ್ಲ. ರಿಂಗಿನ ಬಿಳಿ ಮುಖ ಕ್ಯಾಮೆರಾ ಕಡೆ ಹೊಳೆಯುತ್ತಿತ್ತು, ಫೋಟೋದ ಕಪ್ಪು ಬೂದಿಯಾಗಿ ಬರುತ್ತಿತ್ತು. ಕರಿ ಹಲಗೆಗೆ ಹಚ್ಚುವ ಬಣ್ಣ ಬಳಿದ ಮೇಲೆ ಸರಿಹೋಯಿತು.

6. ನಡುಮಧ್ಯಕ್ಕೆ ತರುವುದು

ಮತ್ತೆ ಅದೇ ಬಿಳಿ ಗೋಡೆ. ಕ್ಯಾಮೆರಾ ಜೂಮ್ ಪೂರ್ತಿ ಇಳಿಸಿ, ಪರದೆಯಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಕೊಂಡೆ. ಬಿಳಿ ವೃತ್ತ ಮೇಲೆ ಕೂತಿದ್ದರೆ ಒಂದು ಸನ್‌ಮೈಕಾ ತೆಗೆದು ನೋಡಿ, ಇಲ್ಲವೇ ಸೇರಿಸಿ. ಎಡಕ್ಕೆ ಬಲಕ್ಕೆ ಇದ್ದರೆ ಅಡ್ಡ ಸ್ಲಾಟ್‌ನಲ್ಲಿ ಸರಿಸಿ. ವೃತ್ತ ನಡುವೆ ಕೂತ ಮೇಲೂ ಒಂದು ಅಂಚು ಮಾತ್ರ ಮಸುಕಾಗಿದ್ದರೆ ಕ್ಯಾಮೆರಾ ಓರೆ ಇದೆ ಎಂದರ್ಥ. ನನ್ನದರಲ್ಲಿ ಬಲ ಅಂಚು ಮಸುಕಾಗಿತ್ತು. ಚೌಕ ಸೆಕ್ಷನ್ನಿನ ಕೊಯ್ದ ಅಂಚಿನಲ್ಲಿ ಒಂದು ಚೂಪು ಮುಳ್ಳು ಉಳಿದಿತ್ತು, ಅದರ ಮೇಲೆ ಕ್ಯಾಮೆರಾ ಎದ್ದು ಕೂತಿತ್ತು. ಅರದಲ್ಲಿ ಎರಡು ಸಲ ಎಳೆದೆ, ಸರಿಹೋಯಿತು.

ಇದೆಲ್ಲ ಆದ ಮೇಲೆ ಪಟ್ಟಿಯ ಮೇಲೆ ಕ್ಯಾಮೆರಾದ ಜಾಗಕ್ಕೆ ಚೂಪು ಮೊಳೆಯಲ್ಲಿ ಗೀರು ಹಾಕಿಕೊಳ್ಳಿ. ಮುಂದಿನ ಸಲ ಕತ್ತಲಲ್ಲೂ ಕೂರಿಸಬಹುದು.

7. ಬಟನ್ ಮುಟ್ಟದೆ ಕ್ಲಿಕ್

ಪಟ್ಟಿ ಎಷ್ಟೇ ಗಟ್ಟಿ ಇದ್ದರೂ 1,100 ಮಿ.ಮೀ.ನಲ್ಲಿ ಬೆರಳಿನ ಒತ್ತು ಕಾಣುತ್ತದೆ. 2 ಸೆಕೆಂಡ್ ಟೈಮರ್ ಇಟ್ಟರೆ ಫೋಟೋ ಚೂಪಾಗಿ ಬರುತ್ತದೆ. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಾ ನಿಂತಿದ್ದರೆ ಇಷ್ಟು ಸಾಕು. ಗೊರವಕ್ಕೆ ಸಾಲದು. 2 ಸೆಕೆಂಡಿನಲ್ಲಿ ಅದು ಚೌಕಟ್ಟಿನಿಂದಲೇ ಆಚೆ ಹೋಗಿರುತ್ತದೆ.

ಈ ಮಾಡೆಲ್ಲಿಗೆ ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶ ಇದೆ. ಮೆಮೊರಿ ಕಾರ್ಡಿಗೆ ಹಾಕಿಕೊಂಡರೆ ಸಾಕು, ಕ್ಯಾಮೆರಾ ಒಳಗೆ ಏನೂ ಬದಲಾಗುವುದಿಲ್ಲ. ಬೂಟ್ ಆಗುವಂತೆ ಮಾಡಿದ ಕಾರ್ಡಿನ ಲಾಕ್ ಗುಂಡಿಯನ್ನು ಲಾಕ್ ಕಡೆಗೆ ಸರಿಸಿಟ್ಟರೆ ಕ್ಯಾಮೆರಾ ಆನ್ ಆಗುವಾಗ ತಾನೇ ಲೋಡ್ ಆಗುತ್ತದೆ. ಅದರ ಮೆನುವಿನಲ್ಲಿ ಯುಎಸ್‌ಬಿ ರಿಮೋಟ್ ಆನ್ ಮಾಡಿದರೆ, ಯುಎಸ್‌ಬಿ ತೂತಿಗೆ ವೋಲ್ಟೇಜ್ ಕೊಟ್ಟಾಗ ಕ್ಯಾಮೆರಾ ಕ್ಲಿಕ್ ಮಾಡುತ್ತದೆ. ಹಳೇ ಮಿನಿ ಯುಎಸ್‌ಬಿ ಕೇಬಲ್ ಕತ್ತರಿಸಿದೆ. ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್. ಬಿಳಿ, ಹಸಿರು ಎರಡನ್ನೂ ಟೇಪ್ ಸುತ್ತಿ ಬಿಟ್ಟೆ. 3 ಎಎಎ ಸೆಲ್ ಹಿಡಿಯುವ ಡಬ್ಬಿ, 4.5 ವೋಲ್ಟ್. ನಡುವೆ ಒಂದು ಒತ್ತುವ ಸ್ವಿಚ್. ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ 110 ರೂಪಾಯಿಗೆ ಬಂತು. ಬೆಸುಗೆ ಹಾಕಿ, ಕ್ಯಾಮೆರಾಗೆ ಚುಚ್ಚುವ ಮುಂಚೆ ಮೀಟರ್‌ನಲ್ಲಿ ಪ್ಲಸ್ ಮೈನಸ್ ನೋಡಿಕೊಳ್ಳಿ. ಇಲ್ಲಿ ಅವಸರ ಬೇಡವೇ ಬೇಡ.

8. ಕೆರೆ ದಡದಲ್ಲಿ

ಹಕ್ಕಿಯನ್ನು ಹುಡುಕುವುದೇ ಮೊದಲ ಕಷ್ಟ. ಚೌಕಟ್ಟು ಅಷ್ಟು ಚಿಕ್ಕದು. ಸ್ಕೋಪಿನ ಮೈಗೆ ಬಾಲ್‌ಪೆನ್ನಿನ ಖಾಲಿ ಕೊಳವೆಯನ್ನು ಎರಡು ಕೇಬಲ್ ಟೈನಲ್ಲಿ ಕಟ್ಟಿದೆ. ದೂರದ ನೀರಿನ ಟ್ಯಾಂಕ್ ಒಂದನ್ನು ಪರದೆಯ ನಡುವೆ ತಂದು, ಅದೇ ಟ್ಯಾಂಕ್ ಕೊಳವೆಯಲ್ಲೂ ಕಾಣುವಂತೆ ಟೈ ಜರುಗಿಸಿ ಬಿಗಿದೆ. ಈಗ ಕೊಳವೆಯಲ್ಲಿ ಹಕ್ಕಿ ಕಂಡರೆ ಪರದೆಯಲ್ಲೂ ಇರುತ್ತದೆ.

ಕ್ಯಾಮೆರಾದ ಫೋಕಸ್ ಮ್ಯಾನುಯಲ್, ಅನಂತಕ್ಕೆ ಇಟ್ಟದ್ದು. ಫೋಕಸ್ ಮಾಡುವುದೆಲ್ಲ ಸ್ಕೋಪಿನ ರಿಂಗ್‌ನಿಂದ, ಪರದೆ ನೋಡಿಕೊಂಡು. ಅಪರ್ಚರ್ ಪೂರ್ತಿ ತೆರೆದದ್ದು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಅಥವಾ 200. ಇದಕ್ಕಿಂತ ಮೇಲೆ ಹೋದರೆ ಗರಿಗಳ ಗೆರೆ ಕಾಳುಕಾಳಾಗುತ್ತದೆ. ಬೆಳ್ಳಕ್ಕಿ, ಹೆಜ್ಜಾರ್ಲೆಯಂಥ ಬಿಳಿ ಹಕ್ಕಿಗಳಿಗೆ ಎಕ್ಸ್‌ಪೋಷರ್ ಮೈನಸ್ 2/3, ಅಂದರೆ ಫೋಟೋ ತುಸು ಕತ್ತಲಾಗುವಂತೆ. ಇಲ್ಲದಿದ್ದರೆ ಬಿಳಿ ಎಲ್ಲ ಸುಟ್ಟು, ಅಂಚಿನಲ್ಲಿ ನೇರಳೆ ಗೆರೆ ಬರುತ್ತದೆ. ಮೈನಸ್ ಮಾಡಿದರೂ ಆ ನೇರಳೆ ಪೂರ್ತಿ ಹೋಗುವುದಿಲ್ಲ, ಸಾಧಾರಣ ಗಾಜಿನ ಸ್ಕೋಪಿನ ಮಿತಿ ಅದು. ಪರದೆಗೆ ಬಿಸಿಲು ಹೊಡೆಯದಂತೆ ಕಪ್ಪು ಚಾರ್ಟ್ ಪೇಪರಿನ ಮರೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.

ಹೊತ್ತು ಬಹಳ ಮುಖ್ಯ. ಬಿಸಿಲು ಏರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯಲು ಶುರುವಾಗುತ್ತದೆ. ಆಗ ದೂರದ ದಿಬ್ಬದ ಮೇಲಿನ ಬಣ್ಣದ ಕೊಕ್ಕರೆಗಳ ಕಾಲು ಅಲೆಅಲೆಯಾಗಿ ಬರುತ್ತದೆ. ಯಾವ ಪಟ್ಟಿ, ಯಾವ ರಿಂಗೂ ಅದನ್ನು ಸರಿ ಮಾಡಲಾರದು. ಬೆಳಗ್ಗೆ ಬೇಗ ಹೋಗಿ, ಇಲ್ಲವೇ ಹತ್ತಿರದ ಹಕ್ಕಿಗೆ ತಿರುಗಿಸಿ.

ಈಗ ಆ ಗೊರವ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಗೊರವಗಳಲ್ಲಿ ಗ್ರೀನ್ ಸ್ಯಾಂಡ್‌ಪೈಪರ್ ಮತ್ತು ವುಡ್ ಸ್ಯಾಂಡ್‌ಪೈಪರ್ ಎರಡನ್ನೂ ದೂರದಿಂದ ಬೇರೆ ಮಾಡುವುದು ನನಗೆ ಯಾವಾಗಲೂ ಕಷ್ಟ. ಎರಡೂ ಕಂದು, ಎರಡೂ ಬಾಲ ಕುಣಿಸುತ್ತವೆ. ಕೆಸರಿನ ಅಂಚಿನಲ್ಲಿದ್ದ ಒಂದು ಹಕ್ಕಿಯ ಮೇಲೆ ರಿಮೋಟ್ ಒತ್ತುತ್ತಾ, ಸ್ಕೋಪಿನ ಫೋಕಸ್ ರಿಂಗನ್ನು ಕೂದಲೆಳೆಯಷ್ಟು ಅತ್ತಿತ್ತ ಆಡಿಸುತ್ತಾ ತೆಗೆದೆ. ಹೀಗೆ ತೆಗೆದರೆ ಹಲವು ಫೋಟೋಗಳಲ್ಲಿ ಒಂದಾದರೂ ಸರಿಯಾದ ಫೋಕಸ್ಸಿನಲ್ಲಿ ಸಿಕ್ಕುತ್ತದೆ. ಮನೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಬೆನ್ನಿನ ತುಂಬಾ ತಿಳಿ ಚುಕ್ಕೆಗಳು, ದಪ್ಪದಾಗಿ. ಕಾಲು ಹಳದಿ ಮಿಶ್ರಿತ. ಕೊಕ್ಕಿನ ಬುಡದಿಂದ ಹೊರಟ ಬಿಳಿ ಹುಬ್ಬು ಕಣ್ಣಿನ ಮೇಲೆ ಹಾದು ಹಿಂದಕ್ಕೆ ಕತ್ತಿನ ಕಡೆ ಸಾಗಿದೆ. ಗ್ರೀನ್ ಸ್ಯಾಂಡ್‌ಪೈಪರ್‌ನಲ್ಲಿ ಹುಬ್ಬು ಕಣ್ಣಿನ ಬಳಿಯೇ ನಿಂತುಬಿಡುತ್ತದೆ. ಇದು ವುಡ್ ಸ್ಯಾಂಡ್‌ಪೈಪರ್. ನೋಡಿದ ಹಕ್ಕಿಗಳ ಪಟ್ಟಿಯಲ್ಲಿ ಅನುಮಾನದ ಗುರುತು ಹಾಕದೆ ಬರೆದುಕೊಂಡೆ, ತುಂಬಾ ಖುಷಿಯಾಯಿತು.

ಹಾರುವ ಹಕ್ಕಿಗೆ ಈ ಜೋಡಣೆ ಆಗುವುದಿಲ್ಲ. ಮಿಂಚುಳ್ಳಿ ನೀರಿಗೆ ಬೀಳುವುದನ್ನು ಹಿಡಿಯುವ ಆಸೆ ಇದ್ದರೆ ಬೇರೆ ಸಾಮಾನು ಬೇಕು. ಕೊಂಬೆಯ ಮೇಲೆ ಕೂತ ಮಿಂಚುಳ್ಳಿಗೆ ಇದು ಭರ್ಜರಿ.

9. ಖರ್ಚು

ಟ್ಯೂಬ್ 450, ಪಟ್ಟಿ 180, ಚೌಕ ಸೆಕ್ಷನ್ 40, ಮಿಲ್ಲಿಂಗ್ 300, ನೈಲಾನ್ 90, ಲೇತ್ ಮಜೂರಿ 250, ಬೋಲ್ಟ್, ವಾಷರ್, ಕೈಯಲ್ಲಿ ತಿರುಗಿಸುವ ನಾಬ್ ಸೇರಿ 120, ವೆಲ್ವೆಟ್ 30, ರಿಮೋಟ್ 110. ಒಟ್ಟು 1,570. ಪಿವಿಸಿಗೆ ಹೋದ 140 ಸೇರಿಸಿದರೆ 1,710. ಕ್ಯಾಮೆರಾ ಸೇರಿ 3,510 ರೂಪಾಯಿ. ಸ್ಕೋಪ್ ಮತ್ತು ಟ್ರೈಪಾಡ್ ಮೊದಲೇ ಇದ್ದವು. ಕರಿ ಬಣ್ಣ ಮನೆಯಲ್ಲಿ ಮಿಕ್ಕಿದ್ದು.

10. ಬಾಕಿ ಇರುವುದು

ಸ್ಕೂಟರಿನಲ್ಲಿ ಹೋಗುವಾಗ ರಸ್ತೆಯ ಕುಲುಕಾಟಕ್ಕೆ ಕ್ಯಾಮೆರಾ ಕಡೆಯ ಬೋಲ್ಟ್ ಸಡಿಲವಾಗುತ್ತಿದೆ. ಸ್ಪ್ರಿಂಗ್ ವಾಷರ್ ಹಾಕಿದ ಮೇಲೆ ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಬೋಲ್ಟ್ ಒಂದೇ ಇರುವುದರಿಂದ ಚೌಕ ಸೆಕ್ಷನ್ ಅದರ ಸುತ್ತ ತುಸು ತಿರುಗುತ್ತದೆ, ಗೀರು ನೋಡಿ ಮತ್ತೆ ಕೂರಿಸಬೇಕಾಗುತ್ತದೆ. ಸೆಕ್ಷನ್ನಿನ ತಳದಲ್ಲಿ 4 ಮಿ.ಮೀ. ಪಿನ್ ಒಂದನ್ನು ಕೂರಿಸಿ, ಪಟ್ಟಿಯಲ್ಲಿ ಸ್ಲಾಟ್ ಪಕ್ಕಕ್ಕೆ ಅದು ಓಡಾಡಲು ಒಂದು ಉದ್ದ ತೋಡು ಕೊರೆಸಿದರೆ ತಿರುಗುವುದು ನಿಲ್ಲುತ್ತದೆ ಎಂದು ಮೇಸ್ತ್ರಿ ಹೇಳಿದ್ದಾರೆ. ಪಟ್ಟಿಯನ್ನು ಅವರ ಬಳಿ ಬಿಟ್ಟು ಬಂದಿದ್ದೇನೆ.